ಮಾತು ಹನ್ನೊಂದು

ತರಗತಿಯಲ್ಲಿ ಅವಳನ್ನು ಎಲ್ಲರೂ ಟೈಪಿಸ್ಟಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷ ನ್ಯಾಯಾಲಯದ ಮೂಲೆಯಲ್ಲಿ ಕೂತು ಸಾಕ್ಷಿಗಳ ಹೇಳಿಕೆ ಟೈಪು ಮಾಡಿ, ಮೂವತ್ತೆಂಟನೇ ವಯಸ್ಸಿನಲ್ಲಿ ರಜೆ ಹಾಕಿ ಎಂ.ಎ. ಓದಲು ಬಂದವಳು. ಜನ ಪ್ರಮಾಣ ಮಾಡಿ ಸುಳ್ಳು ಹೇಳುವುದನ್ನು ಅಷ್ಟು ವರ್ಷ ಅಕ್ಷರಕ್ಕೆ ಇಳಿಸಿದವಳಿಗೆ ಅನುಮಾನ ಎನ್ನುವುದು ಹುಟ್ಟುಗುಣವಾಗಿರಲಿಲ್ಲ, ನೌಕರಿಯಿಂದ ಅಂಟಿಕೊಂಡದ್ದು. ಹಾಲು ಹಾಕುವವನು ನಾಳೆ ಬೇಗ ಬರುತ್ತೇನೆ ಎಂದರೂ ಇವಳ ತಲೆಯೊಳಗೆ 'ಸಾಕ್ಷಿಯು ಮುಂದುವರಿದು ಹೇಳುವುದೇನೆಂದರೆ' ಎಂದು ಕೀಲಿಗಳು ಟಕಟಕ ಎನ್ನುತ್ತಿದ್ದವು. ಇಂಥವಳು ಹೋಗಿ ಸೇರಿದ್ದು ಯಾವ ಓದಿಗೆ ಅಂತೀರಿ? ಶಾಂತಿ, ಸಂಘರ್ಷ ಪರಿಹಾರ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎರಡು ಜಗಳ ಆಗಿ ಮುಗಿದಿರುತ್ತವೆ.

ಅಣ್ಣ ಅತ್ತಿಗೆಯ ಮನೆಯ ಮಹಡಿ ಕೋಣೆಯಲ್ಲಿ ಅವಳ ವಾಸ. ಅಷ್ಟುದ್ದದ ಹೆಸರು ಅತ್ತಿಗೆಯ ನಾಲಿಗೆಗೆ ಹತ್ತಲಿಲ್ಲ. ನಮ್ಮ ನಾದಿನಿ ಜಗಳ ಬಿಡಿಸೋದನ್ನ ಓದ್ತಾ ಇದ್ದಾಳೆ, ಮನೇಲಿ ಅಭ್ಯಾಸ ಮಾಡೋಕೆ ನಾವಿದ್ದೀವಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಪ್ರಬಂಧಕ್ಕೆ ಟೈಪಿಸ್ಟಕ್ಕ ಆರಿಸಿಕೊಂಡದ್ದು ಊರಿನ ಒಂದು ಅಂಚಿನ ಎರಡು ಓಣಿಗಳನ್ನು. ಮೇಲಿನ ಓಣಿ, ಕೆಳಗಿನ ಓಣಿ. ನಡುವೆ ಒಂದು ಕಬ್ಬಿಣದ ಗೇಟು. ಗೇಟು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಎನ್ನುವುದರಲ್ಲಿ ಶುರುವಾದ ಮಾತು ಬೆಳೆದು, ಮೂರು ವರ್ಷದ ಹಿಂದೆ ಒಂದು ಸಂಜೆ ಕಲ್ಲು ತೂರಾಟವಾಗಿ, ಮೇಲಿನ ಓಣಿಯ ಬಡಗಿಯ ಅಂಗಡಿ ಸುಟ್ಟು ಬೂದಿಯಾಗಿತ್ತು. ಯಾರು ಹಚ್ಚಿದರು ಎಂದು ಕೇಳಿದರೆ ಎರಡೂ ಓಣಿಯವರದು ಒಂದೇ ರಾಗ: ಹೊರಗಿನವರು. ಈಗ ಗೇಟಿನ ಬಾಗಿಲನ್ನೇ ಕಿತ್ತು ಹಾಕಿದ್ದರು, ಶಾಂತಿ ಸಮಿತಿಯೊಂದು ಹುಟ್ಟಿತ್ತು. ಹೊರದೇಶದ ಸಂಸ್ಥೆಯೊಂದು ಎರಡೂ ಓಣಿಗೆ ಸೇರಿದಂತೆ ಚರಂಡಿ ಮತ್ತು ಸಮುದಾಯ ಭವನ ಕಟ್ಟಿಸಿಕೊಡಲು ಮುಂದೆ ಬಂದಿತ್ತು. ಸಮಿತಿಯ ಅಧ್ಯಕ್ಷ ಕೆಳಗಿನ ಓಣಿಯ ಗಾರೆ ಮೇಸ್ತ್ರಿ. ಬಿಳಿ ಅಂಗಿ, ಮೆಲು ಮಾತು, ಎದುರಿಗೆ ಯಾರು ಬಂದರೂ ಎದ್ದು ನಿಲ್ಲುವ ಮನುಷ್ಯ.

ಟೈಪಿಸ್ಟಕ್ಕ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಇಪ್ಪತ್ತಮೂರು ಜನರ ಮಾತು ಬರೆದುಕೊಂಡಳು. ವಿಭಾಗದ ನಿಯಮ ಬಹಳ ಕಟ್ಟುನಿಟ್ಟು. ಹೇಳಿದವರ ಹೆಸರು ಎಲ್ಲೂ ಬರಕೂಡದು. ಒಬ್ಬೊಬ್ಬರಿಗೂ ಒಂದು ನಂಬರು. ಯಾವ ನಂಬರು ಯಾರದು ಎನ್ನುವ ಪಟ್ಟಿ ಲಕೋಟೆಯಲ್ಲಿ, ಲಕೋಟೆ ಗೈಡ್ ಮೇಡಂ ಅವರ ಕಪಾಟಿನಲ್ಲಿ. ಮಾತಾಡಿದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅದರ ಒಂದು ಪ್ರತಿಯನ್ನು ಅವರಿಗೇ ಕೊಡಬೇಕು. ಮಾಹಿತಿದಾರ ಎಂದರೆ ಪೊಲೀಸರ ವಾಸನೆ ಬರುತ್ತದೆಂದು ಟೈಪಿಸ್ಟಕ್ಕ ತನ್ನವರನ್ನು 'ಮಾತು ಒಂದು', 'ಮಾತು ಎರಡು' ಎಂದು ಕರೆದಳು. ಇಪ್ಪತ್ತೆರಡು ಮಾತುಗಳು ಸಪ್ಪೆ. ಹನ್ನೊಂದು ಮಾತ್ರ ಬೇರೆ.

ಹನ್ನೊಂದು ಎಂದರೆ ಕೆಳಗಿನ ಓಣಿಯ ಟೈಲರಮ್ಮ. ಐವತ್ತರ ಹತ್ತಿರದವಳು, ಗಂಡ ತೀರಿಕೊಂಡು ಆರು ವರ್ಷ. ಬೀದಿಗೆ ಮುಖ ಮಾಡಿದ ಹತ್ತಡಿ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಹಿಂದಿನ ಅಷ್ಟೇ ದೊಡ್ಡ ಕೋಣೆಯಲ್ಲಿ ವಾಸ. ಎರಡೂ ಕೋಣೆ ಅವಳ ಗಂಡನ ಅಣ್ಣನದು. ಆ ಭಾವ ಬೇರೆ ಯಾರೂ ಅಲ್ಲ, ಇದೇ ಮೇಸ್ತ್ರಿ. ಬೆಂಕಿ ಬಿದ್ದ ಸಂಜೆ ಟೈಲರಮ್ಮ ಕಿಟಕಿಯ ಹತ್ತಿರ ಗುಂಡಿ ಹಾಕುತ್ತ ಕೂತಿದ್ದಳಂತೆ. ಭಾವ ತನ್ನ ಅಂಗಳದಿಂದ ಸೀಮೆಎಣ್ಣೆ ಡಬ್ಬ ಎತ್ತಿಕೊಂಡು ಮೂವರ ಕೈಗೆ ಕೊಟ್ಟದ್ದನ್ನು ಕಣ್ಣಾರೆ ಕಂಡಳಂತೆ. ಮೂರು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು. ಬಡಗಿಯ ಹೆಂಡತಿ ಹೊಲಿಗೆಗೆಂದು ಬಂದಾಗಲೆಲ್ಲ ಹೊಲಿದ ದುಡ್ಡು ಕೇಳಲು ಬಾಯಿ ಬರುವುದಿಲ್ಲ ಎಂದು ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಭಾವನಿಗೆ ಗೊತ್ತಾದ್ರೆ ನಾನು ಬೀದಿಗೆ ಬೀಳ್ತೀನಿ ಮೇಡಂ. ಗೊತ್ತಾಗಲ್ಲ ತಾನೆ?"

ಗೊತ್ತಾಗುವುದಿಲ್ಲ ಎಂದು ಟೈಪಿಸ್ಟಕ್ಕ ಅವಳ ಕೈಮೇಲೆ ಕೈಯಿಟ್ಟು ಹೇಳಿದ್ದಳು.

ಪ್ರಬಂಧ ಸಲ್ಲಿಸುವ ಮೊದಲು ಕಂಡುಕೊಂಡದ್ದನ್ನು ಆ ಜನರ ಎದುರಿಗೇ ಓದಿ ಹೇಳಬೇಕೆನ್ನುವುದು ವಿಭಾಗದ ಇನ್ನೊಂದು ಪದ್ಧತಿ. ಹನ್ನೊಂದನ್ನು ಬಿಟ್ಟುಬಿಡಲೇ ಎಂದು ಅವಳು ಕೇಳಿದ್ದುಂಟು. ನಿಮ್ಮ ಪ್ರಬಂಧದ ಜೀವ ಇರೋದೇ ಅಲ್ಲಿ ಎಂದರು ಗೈಡ್ ಮೇಡಂ. ಆ ಮಾತು ಕೇಳಿ ಇವಳು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ. ಮೇಸ್ತ್ರಿಯ ಸುಳಿವನ್ನು ತೆಗೆದಳು, ಕಿಟಕಿಯನ್ನು ತೆಗೆದಳು, ಹೇಳಿದ್ದು ಹೆಂಗಸು ಎನ್ನುವುದನ್ನೂ ತೆಗೆದಳು. ಉಳಿದದ್ದು ಒಂದೇ ಸಾಲು: ಮಾತು ೧೧, ಸೀಮೆಎಣ್ಣೆ ಹೊರಗಿನಿಂದ ಬರಲಿಲ್ಲ, ಓಣಿಯ ಒಳಗಿಂದಲೇ ಬಂತು. ನಾಲ್ಕು ಪುಟದ ಸಾರಾಂಶವನ್ನು ಅಚ್ಚು ಹಾಕಿಸಿ ಸಭೆಗೆ ಬಂದ ನಲವತ್ತು ಜನರಿಗೂ ಹಂಚಿದರು. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತು ನಾಲ್ಕೂ ಪುಟ ಓದಿದ, ನಾಲ್ಕಾಗಿ ಮಡಚಿ ಜೇಬಿಗಿಟ್ಟ, ಎದ್ದು ನಿಂತು ವಂದನಾರ್ಪಣೆ ಮಾಡಿದ. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಮೂರನೇ ದಿನ ಯಾವುದೋ ಬೇರೆ ನಂಬರಿನಿಂದ ಫೋನು ಬಂತು. ಟೈಲರಮ್ಮ. ದನಿ ಬಾವಿಯೊಳಗಿಂದ ಬಂದಂತಿತ್ತು.

"ಭಾವ ಬಂದಿದ್ರು. ಹನ್ನೊಂದು ನೀನೇ ತಾನೆ ಅಂದ್ರು. ಹನ್ನೊಂದು ಅಂದ್ರೇನು ಅಂತ ನಾನೇ ಅವರನ್ನ ಕೇಳಿದೆ ಮೇಡಂ, ನನಗೇ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಎರಡೂ ಕೋಣೆ ಖಾಲಿ ಮಾಡು ಅಂದ್ರು. ನೀವು ಯಾರಿಗೆ ಹೇಳಿದ್ರಿ?"

ಟೈಪಿಸ್ಟಕ್ಕ ಯಾರಿಗೂ ಇಲ್ಲ ಎನ್ನುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು.

ತಾನು ಹನ್ನೊಂದು ಎನ್ನುವುದು ಟೈಲರಮ್ಮನಿಗೇ ಗೊತ್ತಿಲ್ಲ. ಹಾಗಾದರೆ ಮೇಸ್ತ್ರಿಗೆ ಹೇಗೆ ಗೊತ್ತಾಯಿತು? ಪಟ್ಟಿ ನೋಡಿದವರಾರೋ ಹೇಳಿದ್ದಾರೆ, ಬೇರೆ ದಾರಿಯೇ ಇಲ್ಲ. ಪಟ್ಟಿ ಇದ್ದದ್ದು ಎರಡೇ ಕಡೆ: ಮನೆಯಲ್ಲಿ ಅವಳ ಲ್ಯಾಪ್‌ಟಾಪಿನಲ್ಲಿ, ವಿಭಾಗದಲ್ಲಿ ಗೈಡ್ ಮೇಡಂ ಅವರ ಕಪಾಟಿನಲ್ಲಿ. ಅವಳ ತಲೆಗೆ ಹುಳ ಹೊಕ್ಕಿತು. ತಿಂಗಳ ಕೊನೆಗೆ ಹದಿನೇಳು ದಿನ ಉಳಿದಿದ್ದವು. ಕಳ್ಳ ಸಿಕ್ಕರೆ ವಿಶ್ವವಿದ್ಯಾಲಯದಿಂದಲೇ ಮೇಸ್ತ್ರಿಯ ಮೇಲೆ ಒತ್ತಡ ಹಾಕಿಸಿ, ಆ ಹೆಂಗಸಿನ ಮನೆ ಉಳಿಸಬಹುದು ಎಂದು ಲೆಕ್ಕ ಹಾಕಿದಳು.

ಮೊದಲ ಅನುಮಾನ ಅತ್ತಿಗೆಯ ಮೇಲೆ. ಪಾಪ, ಅನ್ನ ಹಾಕಿದವಳು. ಆದರೆ ಮಧ್ಯಾಹ್ನ ಹೊತ್ತು ಇವಳ ಲ್ಯಾಪ್‌ಟಾಪಿನಲ್ಲಿ ಧಾರಾವಾಹಿ ನೋಡುವವಳೂ ಅವಳೇ. ಟೈಪಿಸ್ಟಕ್ಕ ಒಂದು ಬೋನು ಇಟ್ಟಳು. ತೆರೆಯ ಮೇಲೆ ಎದ್ದು ಕಾಣುವ ಹಾಗೆ 'ಗುಟ್ಟು' ಎಂಬ ಹೆಸರಿನ ಕಡತವೊಂದನ್ನು ಮಾಡಿ, ಒಳಗೆ ಏನೂ ಬರೆಯದೆ, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಬಿಟ್ಟು ಹೋದಳು. ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅತ್ತಿಗೆ ಅಡುಗೆಮನೆಯಿಂದ ಕೂಗಿದಳು.

"ಅಲ್ಲ ಕಣೇ, ಗುಟ್ಟು ಅಂತ ಹೆಸರಿಟ್ಟು ಒಳಗೆ ಏನೂ ಇಟ್ಟೇ ಇಲ್ಲವಲ್ಲ. ನಿನ್ನ ಹಣೆಬರಹಕ್ಕೆ ಒಂದು ಗುಟ್ಟಾದ್ರೂ ಬೇಡವಾ?"

ತೆಗೆದು ನೋಡಿದ್ದನ್ನು ತಾನೇ ಒಪ್ಪಿಕೊಂಡವಳನ್ನು ಏನೆಂದು ಹಿಡಿಯುವುದು? ಅತ್ತಿಗೆಗೆ ಪಟ್ಟಿ ಸಿಕ್ಕಿದ್ದರೆ ಅದೇ ದಿನ ಸಂಜೆಯೊಳಗೆ ಇಡೀ ಬೀದಿ ಇಪ್ಪತ್ತಮೂರು ಹೆಸರನ್ನೂ ಬಾಯಿಪಾಠ ಮಾಡಿರುತ್ತಿತ್ತು, ಮೇಸ್ತ್ರಿಯೊಬ್ಬನಿಗೇ ಮುಟ್ಟುತ್ತಿರಲಿಲ್ಲ. ಅತ್ತಿಗೆಯ ಬಾಯಿಯೇ ಅವಳನ್ನು ಖುಲಾಸೆ ಮಾಡಿತು.

ಉಳಿದದ್ದು ವಿಭಾಗ. ಗೈಡ್ ಮೇಡಂ ಕಪಾಟು ತೆಗೆದು ಲಕೋಟೆಯನ್ನು ಅವಳ ಕೈಗಿತ್ತರು. ಅಂಟಿಸಿದ ಟೇಪಿನ ಒಂದು ಮೂಲೆ ಎದ್ದು ಸುರುಳಿಯಾಗಿತ್ತು. ಟೈಪಿಸ್ಟಕ್ಕ ಅದನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿದಳು. ಕಪಾಟಿನ ಕೀ ಯಾರು ಯಾರು ತೆಗೆದುಕೊಂಡಿದ್ದರು ಎಂದು ಕೇಳಿದಳು. ಕೀ ಕೊಟ್ಟು ಬರೆಸಿಕೊಳ್ಳುವ ಪುಸ್ತಕವೊಂದು ಆಫೀಸಿನಲ್ಲಿ ಇತ್ತು. ಸಭೆಗೆ ಆರು ದಿನ ಮೊದಲು, ಬೆಳಿಗ್ಗೆ ಹತ್ತೂವರೆಗೆ, ಒಂದೇ ಒಂದು ಸಹಿ. ಬೆಣ್ಣೆಯದು.

ಬೆಣ್ಣೆ ಅವಳ ಸಹಪಾಠಿ. ಇಪ್ಪತ್ತೈದರ ಹುಡುಗ, ಮಾತು ಬೆಣ್ಣೆಯಂತೆ ಜಾರುತ್ತದೆಂದು ಸ್ನೇಹಿತರು ಇಟ್ಟ ಹೆಸರು. ಯಾರನ್ನು ಕಂಡರೂ ಅಕ್ಕ, ಅಣ್ಣ, ಊಟ ಆಯ್ತಾ. ಅವನ ಪ್ರಬಂಧವೂ ಅದೇ ಎರಡು ಓಣಿಗಳ ಮೇಲೆ, ಆದರೆ ಚರಂಡಿ ಮತ್ತು ಭವನದ ಕುರಿತು. ಮಧ್ಯಾಹ್ನದ ಮೇಲೆ ಅದೇ ಹೊರದೇಶದ ಸಂಸ್ಥೆಯಲ್ಲಿ ತರಬೇತಿಯ ಕೆಲಸ. ಮುಗಿದ ಮೇಲೆ ಅಲ್ಲೇ ನೌಕರಿ ಸಿಗುವುದೆಂದು ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಯ ಸಮಿತಿಗೆ ಕೆಟ್ಟ ಹೆಸರು ಬಂದರೆ ಭವನವಿಲ್ಲ, ಭವನವಿಲ್ಲದಿದ್ದರೆ ಇವನ ನೌಕರಿಯೂ ಇಲ್ಲ. ಟೈಪಿಸ್ಟಕ್ಕ ಅವನನ್ನು ಕಾಯತೊಡಗಿದಳು. ಎರಡನೇ ದಿನವೇ ಓಣಿಯ ಬಾಯಲ್ಲಿ ಚಹದಂಗಡಿಯ ಮುಂದೆ ಬೆಣ್ಣೆ ಮತ್ತು ಮೇಸ್ತ್ರಿ ಒಂದೇ ಬೆಂಚಿನ ಮೇಲೆ ಕೂತು ನಗುತ್ತಿದ್ದುದು ಕಣ್ಣಿಗೆ ಬಿತ್ತು. ಮೇಸ್ತ್ರಿಯ ಕೈ ಇವನ ಹೆಗಲ ಮೇಲಿತ್ತು. ಇನ್ನೇನು ಬೇಕು? ನ್ಯಾಯಾಲಯದಲ್ಲಿ ಇದಕ್ಕಿಂತ ಕಡಿಮೆ ಸಾಕ್ಷ್ಯಕ್ಕೆ ಜನ ಒಳಗೆ ಹೋದದ್ದನ್ನು ಅವಳು ಟೈಪು ಮಾಡಿದ್ದಳು.

ಗೈಡ್ ಮೇಡಂ ಮಾತ್ರ ಅಡ್ಡ ತಲೆಯಾಡಿಸಿದರು. ಕೀ ತೆಗೆದುಕೊಂಡದ್ದು ಖಾಲಿ ಫಾರಂ ತೆಗೆಯಲಿಕ್ಕೆ, ತಾವೇ ಕಳಿಸಿದ್ದು ಎಂದರು. ಚಹ ಕುಡಿಯುವುದು ಅಪರಾಧವೇ ಎಂದರು. ಕೊನೆಗೆ ಕನ್ನಡಕ ತೆಗೆದಿಟ್ಟರು.

"ಮೊದಲು ಅವನನ್ನೇ ಕೂರಿಸಿಕೊಂಡು ಕೇಳಿ. ಎರಡು ವರ್ಷ ನಾವಿಲ್ಲಿ ಕಲಿಸಿದ್ದು ಅದನ್ನೇ ತಾನೆ?"

"ಕೇಳಿದ್ರೆ ಎಚ್ಚರ ಆಗ್ತಾನೆ ಮೇಡಂ. ಇದ್ದಬದ್ದದ್ದೆಲ್ಲ ಅಳಿಸಿಬಿಡ್ತಾನೆ."

ಎರಡು ವರ್ಷದ ಓದು ಹೀಗೆ ಒಂದೇ ಉಸಿರಿಗೆ ಗಾಳಿಗೆ ಹೋಯಿತು. ತರಗತಿಯಲ್ಲಿ ಎದುರು ಪಕ್ಷದವರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸದಲ್ಲಿ ಅವಳಿಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು ಎನ್ನುವುದನ್ನು ಬೇರೆ ಹೇಳಬೇಕೆ?

ಅವಳು ದೂರು ಬರೆದಳು. ಏನು ದೂರು ಅಂತೀರಿ! ಮೂರು ಪುಟ, ಹದಿನಾಲ್ಕು ಕಲಮು, ಒಂದು ಅಕ್ಷರ ತಪ್ಪಿಲ್ಲ. ಟೇಪಿನ ಮೂಲೆ, ಕೀ ಪುಸ್ತಕದ ಪುಟದ ನಕಲು, ಬೆಂಚಿನ ಮೇಲಿನ ನಗೆಯ ಸಮಯ ಮತ್ತು ದಿನಾಂಕ. ವಿಶ್ವವಿದ್ಯಾಲಯದ ಶಿಸ್ತು ಸಮಿತಿ ಓದಿ ಬೆಚ್ಚಿಬಿತ್ತು. ವಿಚಾರಣೆ ಮುಗಿಯುವವರೆಗೆ ಬೆಣ್ಣೆ ಓಣಿಗಳ ಕಡೆ ಕಾಲಿಡಬಾರದೆಂದು ಆದೇಶವಾಯಿತು. ಸುದ್ದಿ ಮುಟ್ಟಿದ ಸಂಸ್ಥೆಯವರು ನಾಳೆಯಿಂದ ಬರುವುದು ಬೇಡ ಎಂದು ಅವನಿಗೆ ಒಂದು ಸಾಲಿನ ಮೇಲ್ ಕಳಿಸಿದರು. ಮೇಸ್ತ್ರಿಯ ಮೇಲೆ ಒತ್ತಡ ಹಾಕುವ ವಿಷಯಕ್ಕೆ ಸಮಿತಿ, ವಿಚಾರಣೆ ಮುಗಿಯಲಿ ನೋಡೋಣ ಎಂದು ಕೈ ತೊಳೆದುಕೊಂಡಿತು.

ಬೆಣ್ಣೆ ಅವಳನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ, ದೂರು ಕೊಟ್ಟಿದ್ದು ನೀವೇನಾ ಎಂದು ಕೇಳಿದ. ಹೌದು ಎಂದಳು. ಅವನು ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ಸರಿ ಎಂದಷ್ಟೇ ಹೇಳಿ ಹೊರಟುಹೋದ. ಅಳಲಿಲ್ಲ, ಕೂಗಾಡಲಿಲ್ಲ. ತಪ್ಪು ಮಾಡದವನಾದರೆ ಕೂಗಾಡುತ್ತಿದ್ದ ಎಂದುಕೊಂಡಳು ಅವಳು. ಕೂಗಾಡಿದ್ದರೆ, ಕಳ್ಳನಿಗೇ ರೋಷ ಹೆಚ್ಚು ಎಂದುಕೊಳ್ಳುತ್ತಿದ್ದಳು ಬಿಡಿ.

ತಿಂಗಳು ಮುಗಿಯಲು ಮೂರು ದಿನ ಇರುವಾಗ ಟೈಲರಮ್ಮನ ಅಂಗಡಿಗೆ ಹೋದಳು. ಕಳ್ಳ ಸಿಕ್ಕಿದ್ದಾನೆ ಎನ್ನುವುದನ್ನಾದರೂ ಬಾಯಾರೆ ಹೇಳಿ ಅವಳ ಮುಖ ನೋಡಬೇಕಿತ್ತು. ಅಂಗಡಿಯಲ್ಲಿ ಬಟ್ಟೆಯ ರಾಶಿ ಇರಲಿಲ್ಲ. ಯಂತ್ರವನ್ನು ಹಳೆಯ ಹಾಸಿಗೆಯಲ್ಲಿ ಸುತ್ತಿ ಹಗ್ಗ ಬಿಗಿದಿತ್ತು. ಟೈಲರಮ್ಮ ನೆಲದ ಮೇಲೆ ಕೂತು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಡಬ್ಬಕ್ಕೆ ತುಂಬುತ್ತಿದ್ದಳು. ಊರಿನ ಆ ತುದಿಯಲ್ಲಿ ತಂಗಿಯ ಮನೆಯಿದೆ, ಅಲ್ಲಿನ ಮೆಟ್ಟಿಲ ಕೆಳಗೆ ಯಂತ್ರ ಇಟ್ಟುಕೊಳ್ಳಲು ತಂಗಿಯ ಗಂಡ ಒಪ್ಪಿದ್ದಾನೆ, ಗಿರಾಕಿಗಳು ಅಷ್ಟು ದೂರ ಬರುತ್ತಾರೋ ಇಲ್ಲವೋ ದೇವರೇ ಬಲ್ಲ ಎಂದಳು.

ಟೈಪಿಸ್ಟಕ್ಕ ಎಲ್ಲವನ್ನೂ ಹೇಳಿದಳು. ಲಕೋಟೆ, ಕೀ, ಚಹದಂಗಡಿ. ಕೇಳುತ್ತ ಕೇಳುತ್ತ ಟೈಲರಮ್ಮನ ಕಣ್ಣು ತುಂಬಿತು. ಎದ್ದು ಬಂದು ಇವಳ ಎರಡೂ ಕೈ ಹಿಡಿದುಕೊಂಡಳು.

"ನಾನು ಇಷ್ಟು ದಿನ ನಿಮಗೇ ಶಾಪ ಹಾಕಿದೆ ಮೇಡಂ. ಬೆಳಿಗ್ಗೆ ಎದ್ದು ಶಾಪ, ಮಲಗೋವಾಗ ಶಾಪ. ತಪ್ಪಾಯ್ತು. ಮನಸ್ಸಿಗೆ ಹಚ್ಚಿಕೋಬೇಡಿ."

ಆ ಹೊತ್ತಿಗೆ ಟೈಪಿಸ್ಟಕ್ಕನಿಗೆ ನಿಜಕ್ಕೂ ಹಗುರವಾಯಿತು. ಇರಲಿ ಬಿಡಿ ಎಂದು ದೊಡ್ಡ ಮನಸ್ಸು ಮಾಡಿ, ಸಾಮಾನು ಕಟ್ಟಲು ತಾನೂ ಕೈಹಾಕಿದಳು. ಕಿಟಕಿಯ ಪಕ್ಕದ ಮೊಳೆಯಲ್ಲಿ ಕಾಗದದ ನಮೂನೆಗಳ ಗೊಂಚಲು ನೇತಾಡುತ್ತಿತ್ತು. ಬಟ್ಟೆ ಕತ್ತರಿಸುವ ಮೊದಲು ಅಳತೆಗಿಡುವ ಕಾಗದಗಳು: ತೋಳಿನದು, ಕಾಲರಿನದು, ಜೇಬಿನದು. ಕ್ಯಾಲೆಂಡರಿನ ಹಾಳೆ, ಹಳೆಯ ಮದುವೆ ಪತ್ರ, ರಟ್ಟು, ಸಿಕ್ಕಿದ್ದರಲ್ಲಿ ಮಾಡಿಕೊಂಡದ್ದು. ಅವಳು ಗೊಂಚಲನ್ನು ಮೊಳೆಯಿಂದ ಬಿಡಿಸಿದಳು. ಎಲ್ಲಕ್ಕಿಂತ ಮೇಲಿದ್ದುದು ಮಗುವಿನ ಅಂಗಿಯ ಕುತ್ತಿಗೆಯ ನಮೂನೆ. ಒಳ್ಳೆಯ ದಪ್ಪ ಬಿಳಿ ಕಾಗದ, ನಡುವೆ ಅರ್ಧಚಂದ್ರದಂತೆ ಕತ್ತರಿಸಿತ್ತು. ಒಂದು ಕಡೆ ವಿಶ್ವವಿದ್ಯಾಲಯದ ಮುದ್ರೆ. ಬಲಗಡೆ ಮೇಲಿನ ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ, ಸುತ್ತ ವೃತ್ತ ಹಾಕಿದ ದಪ್ಪ ಅಂಕಿ. ೧೧.

ಅಕ್ಷರ ಅವಳದೇ.

ಆ ಅಂಕಿಯನ್ನು ಹಾಕೆಂದು ಯಾವ ನಿಯಮವೂ ಹೇಳಿರಲಿಲ್ಲ. ಒಪ್ಪಿಗೆ ಪತ್ರದ ಪ್ರತಿಯನ್ನು ಕೊಡಬೇಕು ಎಂದಷ್ಟೇ ಇತ್ತು. ಆದರೆ ನ್ಯಾಯಾಲಯದಲ್ಲಿ ಕಾಗದವೊಂದು ಕೈಗೆ ಬಂದರೆ ಮೊದಲು ಬಲಮೂಲೆಯಲ್ಲಿ ಕೆಂಪು ನಂಬರು, ಆಮೇಲೆ ಬಾಕಿ ಎಲ್ಲ. ನಂಬರಿಲ್ಲದ ಕಾಗದ ಅಲ್ಲಿ ಕಾಗದವೇ ಅಲ್ಲ. ಒಂಬತ್ತು ವರ್ಷದ ಕೈ. ಇಪ್ಪತ್ತಮೂರು ಪತ್ರಗಳಿಗೂ ಅದು ತನ್ನಷ್ಟಕ್ಕೆ ತಾನೇ ನಂಬರು ಹಾಕಿತ್ತು, ತನ್ನ ಪ್ರತಿಗೂ, ಅವರಿಗೆ ಕೊಟ್ಟ ಪ್ರತಿಗೂ.

ಈ ಕಾಗದ ಇಲ್ಲಿ ಎಷ್ಟು ದಿನದಿಂದ ಇದೆ ಎಂದು ಕೇಳಿದಳು. ಟೈಲರಮ್ಮ ಕತ್ತೆತ್ತಿ ನೋಡಿ, ಅದಾ, ನೀವು ಕೊಟ್ಟ ಕಾಗದವೇ, ದಪ್ಪ ಇತ್ತು, ಕುತ್ತಿಗೆಗೆ ಬಹಳ ಚೆನ್ನಾಗಿ ಬರುತ್ತೆ ಎಂದಳು. ಅವಳ ಓರಗಿತ್ತಿ, ಅಂದರೆ ಮೇಸ್ತ್ರಿಯ ಹೆಂಡತಿ, ಮೊಮ್ಮಗಳಿಗೆ ಅಂಗಿ ಹೊಲಿಸಲು ಸಭೆಯ ಮಾರನೇ ದಿನ ಬಂದಿದ್ದಳು. ಈ ಕುತ್ತಿಗೆಯೇ ಇರಲಿ ಎಂದು ಮೊಳೆಯಿಂದ ತಾನೇ ಬಿಡಿಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ್ದಳು. ಆಮೇಲೆ ಅಂಗಿಯೂ ಬೇಡ ಏನೂ ಬೇಡ ಎಂದು ಎದ್ದು ಹೋದಳು, ಯಾಕೋ ಏನೋ ಎಂದಳು ಟೈಲರಮ್ಮ.

ಟೈಪಿಸ್ಟಕ್ಕ ಕಾಗದ ಹಿಡಿದುಕೊಂಡು ನಿಂತೇ ಇದ್ದಳು. ಟೈಲರಮ್ಮ ಮತ್ತೆ ದಾರದ ಉಂಡೆಗಳ ಕಡೆ ತಿರುಗಿದ್ದಳು. ಮಡಚಿ ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಇವಳು ತನ್ನ ಕೈ ಹಿಡಿದು ತಪ್ಪಾಯ್ತು ಎಂದಿದ್ದಾಳೆ. ಸಮಿತಿಯ ಕೈಯಲ್ಲಿ ಹದಿನಾಲ್ಕು ಕಲಮಿನ ದೂರಿದೆ. ಒಂದು ಹೇಳಿಕೆಯನ್ನು ತಿರುಚುವುದಕ್ಕೂ ಬರೀ ಬಿಟ್ಟುಬಿಡುವುದಕ್ಕೂ ಎಷ್ಟು ಅಂತರ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಕಾಗದ ಅರ್ಧ ಮಡಚಿಯೂ ಆಗಿತ್ತು. ಆಮೇಲೆ ಯಾಕೋ ಟೈಲರಮ್ಮನ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು, ಬಾಯಿ ಬಿಟ್ಟಳು. ಎಲ್ಲವನ್ನೂ ಹೇಳಿದಳು.

ಟೈಲರಮ್ಮ ಕಾಗದವನ್ನು ಇಸಿದುಕೊಂಡು ಕೆಂಪು ಅಂಕಿಯ ಮೇಲೆ ಹೆಬ್ಬೆರಳು ಸವರಿದಳು. ನಾನೇ ನೇತು ಹಾಕಿದ್ದಾ ಎಂದು ತನಗೆ ತಾನೇ ಹೇಳಿಕೊಂಡಳು. ನಂಬರು ಬರೆದದ್ದು ನಾನು, ನಿಮ್ಮದೇನೂ ತಪ್ಪಿಲ್ಲ ಎಂದಳು ಟೈಪಿಸ್ಟಕ್ಕ. ಮೇಸ್ತ್ರಿಯ ಹತ್ತಿರ ಹೋಗಿ ಕಾಲು ಹಿಡಿದಾದರೂ ಕೇಳುತ್ತೇನೆ, ಸಮಿತಿಗೆ ಬರೆಯುತ್ತೇನೆ, ವಕೀಲರು ಪರಿಚಯ ಇದ್ದಾರೆ ಎಂದು ಒಂದೇ ಸಮನೆ ಬಡಬಡಿಸಿದಳು. ಟೈಲರಮ್ಮ ಕೈಯೆತ್ತಿ ತಡೆದಳು.

"ಬೇಡ. ಇನ್ನೊಂದು ಸಲ ನನಗೆ ಸಹಾಯ ಮಾಡಬೇಡಿ."

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಟೈಲರಮ್ಮ ಕಾಗದವನ್ನು ಉಳಿದ ನಮೂನೆಗಳ ಜೊತೆಗೇ ಸೇರಿಸಿ ದಾರ ಸುತ್ತಿದಳು.

"ಆ ಮಾತನ್ನ ಪುಸ್ತಕದಿಂದ ತೆಗೀಬೇಡಿ. ಇಷ್ಟೆಲ್ಲ ಆದ ಮೇಲೆ ತೆಗೆದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ. ಮತ್ತೆ ಆ ಹುಡುಗ, ಅವನ ಕೆಲಸ ಹೋಯ್ತು ಅಂದ್ರಲ್ಲ, ಅವನ ಹತ್ತಿರ ಹೋಗಿ. ಇಲ್ಲಿ ಯಾಕೆ ಕೂತಿದ್ದೀರಿ?"

ಟೈಪಿಸ್ಟಕ್ಕ ಅಲ್ಲಿಂದ ನೇರ ವಿಭಾಗಕ್ಕೆ ಬಂದಳು. ದೂರು ಹಿಂತೆಗೆದುಕೊಳ್ಳುವ ಪತ್ರಕ್ಕೆ ಹದಿನಾಲ್ಕು ಕಲಮು ಬೇಕಾಗಲಿಲ್ಲ, ನಾಲ್ಕು ಸಾಲು ಸಾಕಾಯಿತು: ತಪ್ಪು ನನ್ನದು, ಅವನದೇನೂ ಇಲ್ಲ. ಗೈಡ್ ಮೇಡಂ ಓದಿದರು, ಬೈಯಲಿಲ್ಲ. ಪತ್ರವನ್ನು ಇಡಲು ಕಪಾಟು ತೆಗೆದಾಗ ಒಳಗಿದ್ದ ಲಕೋಟೆಗಳೆಲ್ಲ ಕಾಣಿಸಿದವು. ಹತ್ತಿಪ್ಪತ್ತು ಇದ್ದವು. ಎಲ್ಲದರ ಟೇಪಿನ ಮೂಲೆಯೂ ಹಾಗೇ ಎದ್ದು ಸುರುಳಿಯಾಗಿತ್ತು. ಅಗ್ಗದ ಟೇಪು ಎಂದರು ಮೇಡಂ. ಸಮಿತಿ ಆದೇಶ ರದ್ದು ಮಾಡಬಹುದು, ಆದರೆ ಸಂಸ್ಥೆಯವರು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು ಎಂದೂ ಹೇಳಿದರು.

ಬೆಣ್ಣೆ ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತಿದ್ದ. ಮಡಿಲಲ್ಲಿ ಪುಸ್ತಕವಿತ್ತು, ಓದುತ್ತಿರಲಿಲ್ಲ. ಅವಳು ನಿಂತುಕೊಂಡೇ ಹೇಳಿದಳು. ಕೂರಿ ಎಂದು ಅವನು ಎರಡು ಸಲ ಹೇಳಿದರೂ ಕೂರಲಿಲ್ಲ. ಕೆಂಪು ನಂಬರು, ಮೊಳೆ, ಮಗುವಿನ ಅಂಗಿಯ ಕುತ್ತಿಗೆ ಎಂದು ಒಂದೂ ಬಿಡದೆ ಹೇಳಿ, ಕ್ಷಮಿಸು ಎಂದಳು. ಅವನು ಆಶ್ಚರ್ಯಪಡುತ್ತಾನೆ ಎಂದುಕೊಂಡಿದ್ದಳು. ಅವನು ನೆಲ ನೋಡುತ್ತ ಕೂತಿದ್ದ.

"ಆ ಕಾಗದ ನಾನು ನೋಡಿದ್ದೆ ಅಕ್ಕ," ಎಂದ.

"ಯಾವಾಗ?"

"ಸಭೆಗೆ ನಾಲ್ಕು ದಿನ ಮುಂಚೆ. ಬ್ಯಾಗಿನ ಜಿಪ್ಪು ಕಿತ್ತಿತ್ತು, ಹಾಕಿಸೋಕೆ ಹೋಗಿದ್ದೆ. ಕಿಟಕಿ ಹತ್ತಿರ ನೇತಾಡ್ತಾ ಇತ್ತು. ನೋಡಿದ ಕೂಡಲೇ ಅಂದ್ಕೊಂಡೆ, ಇದು ಸರಿ ಅಲ್ಲ, ನಿಮಗೆ ಹೇಳಬೇಕು ಅಂತ."

ನಾಲ್ಕು ದಿನ. ಒಂದು ಮಾತು ಕಿವಿಗೆ ಬಿದ್ದಿದ್ದರೆ ಆ ಕಾಗದವನ್ನು ಬಿಡಿಸಿಕೊಂಡು ಬರಬಹುದಿತ್ತು, ಇಲ್ಲವೇ ಆ ಸಾಲನ್ನೇ ಕೈಬಿಡಬಹುದಿತ್ತು. ಯಂತ್ರ ಇದ್ದ ಜಾಗದಲ್ಲೇ ಇರುತ್ತಿತ್ತು.

"ಹೇಳಬಾರದಿತ್ತೇನೋ? ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಕೋಣೆ ಬಾಗಿಲ ತನಕ ಬಂದಿದ್ದೆ. ವಾಪಸ್ ಹೋದೆ." ಅವನ ದನಿಯಲ್ಲಿ ಬೆಣ್ಣೆಯೇನೂ ಇರಲಿಲ್ಲ. "ತಪ್ಪು ನನ್ನದೂ ಇದೆ, ಇಲ್ಲ ಅನ್ನಲ್ಲ. ಆ ಅಮ್ಮನ ಮುಖ ನೆನೆಸಿಕೊಂಡ್ರೆ ನನಗೂ ನಿದ್ದೆ ಬರಲ್ಲ. ಆದ್ರೆ ನೀವೇ ಹೇಳಿ. ನಾನು ಬಂದು, ನಿಮ್ಮ ಟೈಲರಮ್ಮನ ಅಂಗಡೀಲಿ ಹೀಗೊಂದು ಕಾಗದ ನೋಡಿದೆ ಅಂದಿದ್ರೆ, ನೀವು ಮೊದಲು ಏನು ಕೇಳ್ತಿದ್ರಿ?"

ಹಾಸ್ಟೆಲಿನ ಎದುರಿಗೇ ಜಿಪ್ಪು ಹಾಕುವವರು ಮೂವರಿದ್ದಾರೆ; ಅವರನ್ನು ಬಿಟ್ಟು 'ಅಷ್ಟು ದೂರ ಅವಳ ಅಂಗಡಿಗೇ ಯಾಕೆ ಹೋಗಿದ್ದೆ?' ಆ ಪ್ರಶ್ನೆ ಈಗಲೂ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ತುಟಿ ಬಿಗಿದು ಅದನ್ನು ತಡೆದುಕೊಂಡಳು. ಬೆಣ್ಣೆ ಅವಳ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದ.